ಕಿವಿ ಮೇಸ್ತ್ರಿಯ ಎಡಗಡೆ

ಹೊಸ ಸ್ಪೀಕರ್ ಹಾಕಿಸಿಕೊಂಡು ಹೋಗಿದ್ದ ನರ್ಸಮ್ಮನ ಬೂದು ಕಾರು ಮೂರನೇ ಸಲ ಅಂಗಡಿ ಮುಂದೆ ಬಂದು ನಿಂತಾಗ ಕಿವಿ ಮೇಸ್ತ್ರಿ ಸ್ಟೂಲಿನಿಂದ ಎದ್ದು ನಿಂತ. ಒಂದು ಸಲ ವಾಪಸ್ ಬಂದರೆ ಗಿರಾಕಿಗೆ ಅನುಮಾನ ಎನ್ನಬಹುದು. ಎರಡನೇ ಸಲ ಬಂದರೆ ಗಿರಾಕಿಗೆ ಹಟ ಎನ್ನಬಹುದು. ಮೂರನೇ ಸಲವೂ ಬಂದರೆ ತಪ್ಪು ಮೇಸ್ತ್ರಿಯದೇ, ಅದಕ್ಕೆ ಸಾಕ್ಷಿ ಬೇಕಿಲ್ಲ.

ಕಿವಿ ಮೇಸ್ತ್ರಿ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇಪ್ಪತ್ತೆಂಟು ವರ್ಷ ಕಾರುಗಳಿಗೆ ಹಾಡು ಹಾಕುವ ಡೆಕ್ಕು, ಸ್ಪೀಕರು ಕೂರಿಸಿ ಕೂರಿಸಿ ಸಂಪಾದಿಸಿಕೊಂಡದ್ದು. ರಸ್ತೆಯಲ್ಲಿ ಯಾರದೋ ಕಾರು ಹಾಡು ಹಾಕಿಕೊಂಡು ಹೋಗುತ್ತಿದ್ದರೆ ಇವನು ಸ್ಟೂಲಿನಿಂದ ಏಳದೆಯೇ, "ಅದರ ಹಿಂದಿನ ಸ್ಪೀಕರ್ ಹರಿದಿದೆ, ಪಾಪ, ಓನರಿಗೆ ಗೊತ್ತಿಲ್ಲ" ಅನ್ನುತ್ತಿದ್ದ. ವಾರ ಕಳೆಯುವುದರಲ್ಲಿ ಅದೇ ಕಾರು ಇದೇ ಅಂಗಡಿಗೆ ಬರುತ್ತಿತ್ತು. ಇದನ್ನು ನೋಡಿದ ಜನ ಹೆಸರಿಡದೆ ಬಿಡುತ್ತಾರೆಯೇ?

ಬೇರೆ ಅಂಗಡಿಗಳಲ್ಲಿ ಸ್ಪೀಕರ್ ಕೂರಿಸುವ ಮೊದಲು ಅದರ ತಂತಿಗಳನ್ನು ಒಂದು ಪೆನ್ಸಿಲ್ ಸೆಲ್ಲಿಗೆ ಮುಟ್ಟಿಸಿ ನೋಡುತ್ತಾರೆ. ಸ್ಪೀಕರಿನ ಕಾಗದದ ಬಟ್ಟಲು ಟಪ್ಪೆಂದು ಮುಂದೆ ಹಾರಿದರೆ ಪ್ಲಸ್ಸು ಮೈನಸ್ಸು ಸರಿ. ಹಿಂದಕ್ಕೆ ಸರಿದರೆ ತಂತಿ ಅದಲುಬದಲು. ಮೇಸ್ತ್ರಿ ಈ ಕೆಲಸವನ್ನು ಜನ್ಮದಲ್ಲಿ ಮಾಡಿದವನಲ್ಲ. "ಸೆಲ್ಲು ಕಿವಿ ಇಲ್ಲದವರಿಗೆ" ಎಂದು ನಗುತ್ತಿದ್ದ. ತಂತಿಯ ಬಣ್ಣ ನೋಡಿ ಸಿಕ್ಕಿಸುವುದು, ಬಾಗಿಲಿನ ಪ್ಯಾಡ್ ಮುಚ್ಚುವುದು, ಡ್ರೈವರ್ ಸೀಟಿನಲ್ಲಿ ಕೂತು ಕಣ್ಣು ಮುಚ್ಚುವುದು. ಎರಡೂ ಬಾಗಿಲಿನ ಸ್ಪೀಕರ್ ಸರಿಯಾಗಿದ್ದರೆ ಹಾಡುವವರು ಬಾಗಿಲಲ್ಲಿ ನಿಂತು ಹಾಡುವುದಿಲ್ಲ, ಎದುರಿನ ಗಾಜಿನ ನಡುಮಧ್ಯೆ ನಿಂತು ಹಾಡುತ್ತಾರೆ. ಮೇಸ್ತ್ರಿ ಅವರನ್ನು ಬೆರಳು ಮಾಡಿ ತೋರಿಸುತ್ತಿದ್ದ. ಆಮೇಲೆಯೇ ಕೀಲಿಕೈ ಗಿರಾಕಿಯ ಕೈಗೆ. ತಂತಿ ತಿರುಗಿದ್ದರೆ ಹಾಡು ಶುರುವಾದ ಗಳಿಗೆಯಲ್ಲೇ ಹಲ್ಲಿಗೆ ಕಲ್ಲು ಸಿಕ್ಕವನ ಹಾಗೆ ಮುಖ ಮಾಡಿ ಇಳಿದುಬಿಡುತ್ತಿದ್ದ.

ಎರಡು ತಿಂಗಳ ಹಿಂದೆ ಒಂದು ಸೋಮವಾರ ಬೆಳಗ್ಗೆ ಎದ್ದು ಮುಖ ತೊಳೆಯುತ್ತಿರುವಾಗ ಅವನ ಎಡಗಿವಿಯಲ್ಲಿ ಗುಂಯ್ ಎಂದು ದೊಡ್ಡ ಸದ್ದಾಯಿತು. ಸದ್ದು ನಿಂತಾಗ ಕಿವಿಯೂ ನಿಂತಿತ್ತು. ಬೆರಳು ಹಾಕಿ ಅಲುಗಾಡಿಸಿದ. ಮೂಗು ಮುಚ್ಚಿ ಉಸಿರು ಒತ್ತಿದ. ಒಂಟಿ ಕಾಲಲ್ಲಿ ಕುಪ್ಪಳಿಸಿದ. ನಲ್ಲಿಯ ನೀರು ಬಲಗಡೆ ಮಾತ್ರ ಬೀಳುತ್ತಿತ್ತು, ಎಡಗಡೆ ಪ್ರಪಂಚವೇ ಇರಲಿಲ್ಲ. ಶೀತ ಇರಬೇಕು, ಬಂದ ಹಾಗೇ ಹೋಗುತ್ತದೆ ಎಂದುಕೊಂಡ. ಹೋಗಲಿಲ್ಲ. ಡಾಕ್ಟರ ಹತ್ತಿರ ಹೋಗಲು ಹೆದರಿದ. ಡಾಕ್ಟರು ಚೀಟಿ ಬರೆಯುತ್ತಾರೆ, ಚೀಟಿ ಹಿಡಿದು ಔಷಧಿ ಅಂಗಡಿಗೆ ಹೋಗಬೇಕು, ಔಷಧಿ ಅಂಗಡಿಯವನ ಕಾರಿಗೂ ತಾನೇ ಸ್ಪೀಕರ್ ಹಾಕಿದ್ದು. ಕಿವಿ ಮೇಸ್ತ್ರಿಗೆ ಕಿವಿ ಹೋಯಿತಂತೆ ಎನ್ನುವ ಸುದ್ದಿಗೆ ಎಷ್ಟು ಕಾಲು ಮೂಡುತ್ತದೆ ಎಂದು ಅವನಿಗೆ ಗೊತ್ತಿತ್ತು. ಊರು ನಗುತ್ತದೆ, ನಕ್ಕ ಊರು ಪಕ್ಕದ ಅಂಗಡಿಗೆ ಹೋಗುತ್ತದೆ. ಹಾಗಾಗಿ ಯಾರಿಗೂ ಹೇಳಲಿಲ್ಲ, ಹೆಂಡತಿಗೂ.

ಮುಚ್ಚಿಡುವುದು ಸುಲಭದ ಕೆಲಸವಲ್ಲ. ಇಡೀ ದಿನ ಎಲ್ಲರನ್ನೂ ಬಲಗಡೆ ಇಟ್ಟುಕೊಂಡು ತಿರುಗಬೇಕು. ಯಾರಾದರೂ ಎಡಕ್ಕೆ ಬಂದರೆ ಏನೋ ಹುಡುಕುವವನ ಹಾಗೆ ಸುತ್ತು ಹೊಡೆಯಬೇಕು. ಕೇಳಿಸದಿದ್ದರೆ "ಹೂಂ" ಎನ್ನಬೇಕು. ಒಂದು ಸಲ ಟೀ ಅಂಗಡಿಯಲ್ಲಿ ಎಡಗಡೆಯಿಂದ ಬಂದ ಮಾತಿಗೆ ಎರಡು ಸಲ ಹೂಂ ಅಂದು, ಯಾರದೋ ಮನೆ ಸಾಮಾನು ಸಾಗಿಸಲು ಮೂರನೇ ಮಹಡಿಯಿಂದ ಬೀರು ಹೊತ್ತು ಇಳಿಸಿ ಬಂದಿದ್ದ. ಹೂಂ ಅನ್ನದೆ ಬಿಟ್ಟ ಕಡೆ ಬೇರೆ ಮಾತು ಹುಟ್ಟಿತು. ಮೇಸ್ತ್ರಿಗೆ ಈಚೆಗೆ ಕೊಬ್ಬು, ಕರೆದರೆ ತಿರುಗಿಯೂ ನೋಡುವುದಿಲ್ಲ ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ ಬಿಡು ಅಂದುಕೊಂಡ. ಕೊಬ್ಬಿದವನಿಗೆ ಕೆಲಸ ಸಿಗುತ್ತದೆ, ಕಿವುಡನಿಗೆ ಸಿಗುವುದಿಲ್ಲ.

ಅಂಗಡಿ ಅಣ್ಣ ತಮ್ಮ ಇಬ್ಬರದೂ. ತಮ್ಮ ಕೌಂಟರು, ಅಣ್ಣ ಕೆಲಸ. ತಮ್ಮನಿಗೆ ವ್ಯಾಪಾರ ಎಷ್ಟು ಚೆನ್ನಾಗಿ ಗೊತ್ತೋ ಸಂಗೀತ ಅಷ್ಟೇ ಗೊತ್ತಿಲ್ಲ. ಅವನ ಮುಂದೆ ಒಳ್ಳೆಯ ಸ್ಪೀಕರ್ ಹಾಕಿ ಕೇಳಿಸುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಆದರೆ ವಾಪಸ್ ಬಂದ ಕಾರು ಎಣಿಸಲು ಸಂಗೀತ ಬೇಕಿಲ್ಲ. ಈ ಎರಡು ತಿಂಗಳಲ್ಲಿ ನಾಲ್ಕು ಕಾರು ವಾಪಸ್ ಬಂದಿದ್ದವು. ಇಪ್ಪತ್ತೆಂಟು ವರ್ಷದಲ್ಲಿ ಅಷ್ಟು ಬಂದಿರಲಿಲ್ಲ.

ನರ್ಸಮ್ಮ ಮೊದಲ ಸಲ ಬಂದಾಗ ಹೇಳಿದ್ದು ಇಷ್ಟೇ. "ಮೇಸ್ತ್ರಿ, ಕೊಳಲು ಕೇಳುತ್ತೆ, ಪಿಟೀಲು ಕೇಳುತ್ತೆ. ಹಾಡೋರೇ ಇಲ್ಲ. ಎಲ್ಲೋ ಡಿಕ್ಕಿಯೊಳಗೆ ಕೂತು ಹಾಡಿದ ಹಾಗಿದೆ. ಡ್ರಮ್ಮಿಗಂತೂ ಜೀವವೇ ಇಲ್ಲ."

ಮೇಸ್ತ್ರಿ ಕಾರಿನಲ್ಲಿ ಕೂತು ಕೇಳಿದ. ಅವನ ಬಲಗಿವಿಯ ಪಕ್ಕಕ್ಕೇ ಬಲಬಾಗಿಲಿನ ಸ್ಪೀಕರು. ಹಾಡುವಾಕೆ ಅದರಲ್ಲಿ ಚೆನ್ನಾಗಿಯೇ ಹಾಡುತ್ತಿದ್ದಳು.

"ಹೊಸ ಸ್ಪೀಕರ್ ಅಲ್ವಾ ಮೇಡಂ, ಬಿಗಿ ಇರುತ್ತೆ. ಒಂದು ವಾರ ಜೋರಾಗಿ ಹಾಕಿ, ತಾನೇ ಬಿಡುತ್ತೆ" ಎಂದು ಕಳಿಸಿದ.

ಎರಡನೇ ಸಲ ಬಂದವರು ಕಾರಿನಿಂದ ಇಳಿಯುವ ಮೊದಲೇ ಶುರುಮಾಡಿದರು. "ನನ್ನ ಕಿವಿ ಮೇಲೆ ಹೂ ಇಡಬೇಡಿ. ಒಂದು ವಾರ ಅಲ್ಲ, ಒಂಬತ್ತು ದಿನ ಓಡಿಸಿದೀನಿ. ದಿನಾ ಆಸ್ಪತ್ರೆಗೆ ಹೋಗ್ತಾ ಒಂದು ಗಂಟೆ, ಬರ್ತಾ ಒಂದು ಗಂಟೆ. ನನಗೆ ಅಂತ ಇರೋದು ಆ ಎರಡು ಗಂಟೆ. ಹಳೇ ಸ್ಪೀಕರಿನಲ್ಲಿ ಗೊರಗೊರ ಅಂದ್ರೂ ಮನುಷ್ಯರು ಇದ್ರು. ಇದರಲ್ಲಿ ಯಾರೂ ಇಲ್ಲ."

ಅವತ್ತು ಮೇಸ್ತ್ರಿ ಡೆಕ್ಕಿನ ಅರ್ತ್ ತಂತಿಯನ್ನು ಬಿಚ್ಚಿ, ಬಣ್ಣ ಕೆರೆದು, ಬೇರೆ ಜಾಗದಲ್ಲಿ ಬಿಗಿದ. ಎರಡೂ ಬಾಗಿಲಿನ ಒಳಗೆ ದಪ್ಪ ಶೀಟು ಅಂಟಿಸಿದ. ಬೇಸ್ ಎರಡು ಮನೆ ಏರಿಸಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಕಾರಿನ ತಗಡು ತೆಳ್ಳಗೆ ಎಂದ. ನರ್ಸಮ್ಮ ಅವನ ಮುಖವನ್ನೇ ಒಂದು ಗಳಿಗೆ ನೋಡಿ ಹೋದರು.

ಈಗ ಮೂರನೇ ಸಲ. ಶನಿವಾರ, ಬೆಳಗಿನ ಹನ್ನೊಂದು ಗಂಟೆ. ನರ್ಸಮ್ಮ ಕೀಲಿಕೈ ಕೊಟ್ಟು, ಮೂರು ಗಂಟೆಗೆ ಬರುತ್ತೇನೆಂದು ಹೋದರು.

ತಮ್ಮ ಕೌಂಟರಿನಿಂದ ಎದ್ದು ಬಂದು, ಅಣ್ಣನನ್ನು ಸ್ಪೀಕರ್ ಡಬ್ಬಗಳನ್ನು ಪೇರಿಸಿದ್ದ ಮೂಲೆಗೆ ಕರೆದುಕೊಂಡು ಹೋದ.

"ಅಣ್ಣಾ, ನಾನೊಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಸೋಮವಾರದಿಂದ ಇನ್ನೊಬ್ಬ ಫಿಟ್ಟರ್ ಬರ್ತಿದಾನೆ. ಮೈಕು, ಮೀಟರು ಎಲ್ಲ ಇಟ್ಕೊಂಡು ಕೆಲಸ ಮಾಡ್ತಾನಂತೆ. ನೀನು ಕೌಂಟರಿನಲ್ಲಿ ಕೂತ್ಕೋ. ಎಷ್ಟು ವರ್ಷ ಅಂತ ಸೀಟಿನ ಕೆಳಗೆ ನುಗ್ಗುತ್ತೀಯಾ?"

"ನನಗೆ ಏನಾಗಿದೆ?"

"ಅದನ್ನೇ ನಾನು ಕೇಳ್ತಿರೋದು. ನಿನಗೆ ಏನಾಗಿದೆ?"

ಮೇಸ್ತ್ರಿ ಬಾಯಿ ತೆರೆದ. ಇವತ್ತೇ ಹೇಳಿಬಿಡೋಣ ಎನ್ನುವಷ್ಟರಲ್ಲಿ ಒಳಗಿನ ಅಹಂಕಾರ ಕತ್ತು ಹಿಡಿಯಿತು. "ಸಂಜೆಯೊಳಗೆ ಆ ಕಾರು ಸರಿ ಮಾಡಿ ಕೊಡ್ತೀನಿ. ಆಮೇಲೆ ಮಾತಾಡು" ಅಂದ.

"ಸರಿ ಮಾಡು. ಮಾಡಿದ್ರೆ ಆ ಫಿಟ್ಟರಿಗೆ ಬೇಡ ಅಂತ ನಾನೇ ಫೋನ್ ಮಾಡ್ತೀನಿ. ಆಗದಿದ್ರೆ ಸೋಮವಾರ ಕೌಂಟರು."

ಕೌಂಟರ್ ಎಂದರೆ ಏನು ಮಹಾ ಎಂದು ಕೇಳುವವರು ಕೇಳಬಹುದು. ಫ್ಯಾನಿನ ಕೆಳಗೆ ಕುರ್ಚಿ, ಗಾಜಿನ ಮೇಜು, ಕೈಗೆ ಎಟುಕುವಷ್ಟರಲ್ಲಿ ನೀರಿನ ಬಾಟಲಿ. ಎಷ್ಟೋ ಜನಕ್ಕೆ ಅದೇ ಸುಖ. ಆದರೆ ಬಾಗಿಲಿನ ಪ್ಯಾಡ್ ತೆರೆದಾಗ ಬರುವ ಧೂಳಿನ ವಾಸನೆ, ಒಂದು ಸತ್ತ ಕಾರು ಹಾಡಲು ಶುರುಮಾಡಿದಾಗ ಗಿರಾಕಿಯ ಮುಖದಲ್ಲಿ ಆಗುವ ಬದಲಾವಣೆ, ಇವನ್ನು ಬಿಟ್ಟರೆ ಮೇಸ್ತ್ರಿಗೆ ಬೇರೆ ಬದುಕು ಗೊತ್ತಿರಲಿಲ್ಲ. ಓದು ತಲೆಗೆ ಹತ್ತಿರಲಿಲ್ಲ, ಮಾತು ಬರುತ್ತಿರಲಿಲ್ಲ, ಮಕ್ಕಳಾಗಿರಲಿಲ್ಲ. ದೇವರು ಒಂದು ಜೊತೆ ಕಿವಿ ಕೊಟ್ಟಿದ್ದ. ಅದರಲ್ಲಿ ಒಂದನ್ನು ಕೇಳದೆ ಹೇಳದೆ ವಾಪಸ್ ತೆಗೆದುಕೊಂಡಿದ್ದ. ಇನ್ನೊಂದನ್ನು ಇಟ್ಟುಕೊಂಡು ಇವನು ಎರಡೂ ಇರುವವನ ಹಾಗೆ ನಟಿಸುತ್ತಿದ್ದ.

ಕೆಲಸಕ್ಕೆ ಬಿದ್ದ. ಡೆಕ್ಕನ್ನು ಹೊರಗೆ ಎಳೆದ. ಫ್ಯೂಸ್ ನೋಡಿದ, ಸರಿಯಿತ್ತು. ಹಿಂದಿನ ಪಿನ್ನುಗಳನ್ನು ಒಂದೊಂದಾಗಿ ಅಲುಗಾಡಿಸಿದ, ಬಿಗಿಯಾಗಿದ್ದವು. ಬೇರೆ ಡೆಕ್ ಸಿಕ್ಕಿಸಿ ನೋಡಿದ, ಅದೇ ಹಾಡು ಹಾಗೇ ಬಂತು. ದನಿಯನ್ನು ಎಡಬಲಕ್ಕೆ ಹಂಚುವ ಬ್ಯಾಲೆನ್ಸನ್ನು ಪೂರ್ತಿ ಬಲಕ್ಕೆ ತಿರುಗಿಸಿದ. ಹಾಡುವಾಕೆ ಇದ್ದಳು. ಪೂರ್ತಿ ಎಡಕ್ಕೆ ತಿರುಗಿಸಿ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಪಕ್ಕದ ಸೀಟಿಗೆ ಜರುಗಿ ಬಲಗಿವಿಯನ್ನು ಎಡಬಾಗಿಲಿಗೆ ಒಡ್ಡಿದ. ಅಲ್ಲಿಯೂ ಇದ್ದಳು, ಮುತ್ತು ಪೋಣಿಸಿದ ಹಾಗೆ ಹಾಡುತ್ತಿದ್ದಳು. ಒಂದೊಂದು ಕಡೆ ಇರುವವಳು ಎರಡೂ ಸೇರಿದಾಗ ಎಲ್ಲಿಗೆ ಹೋಗುತ್ತಾಳೆ? ನರ್ಸಮ್ಮನಿಗೆ ಹುಚ್ಚು, ಇಲ್ಲವೇ ತನಗೆ. ಅಂಗಿಯ ಬೆನ್ನು ಒದ್ದೆಯಾಗಿತ್ತು.

ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ತಮ್ಮ ಕರೆದ. ಕೇಳಿಸಿತೋ ಇಲ್ಲವೋ, ತಿರುಗಲಿಲ್ಲ. ಸ್ಟಿಯರಿಂಗಿನ ಕೆಳಗೆ ಅಂಗಾತ ಮಲಗಿ, ಬಣ್ಣಬಣ್ಣದ ತಂತಿಗಳನ್ನು ನೋಡುತ್ತಾ ಅವನಿಗೆ ಅಳು ಬಂತು. ಐವತ್ತೊಂದು ವರ್ಷದ ಗಂಡಸು ಕಾರಿನ ಪೆಡಲುಗಳ ನಡುವೆ ತಲೆ ಇಟ್ಟುಕೊಂಡು ಅತ್ತ. ಸದ್ದು ಮಾಡದೆಯೇ ಅತ್ತ. ಅತ್ತದ್ದು ಎಷ್ಟು ಜೋರು ಎಂದು ಈಗ ಅವನಿಗೆ ಲೆಕ್ಕ ಸಿಗುತ್ತಿರಲಿಲ್ಲವಲ್ಲ, ಅದಕ್ಕೆ.

ಮೂರು ಗಂಟೆಗೆ ನರ್ಸಮ್ಮ ವಾಪಸ್ ಬಂದರು. ಹಿಂದಿನ ಎರಡು ಸಲದ ಹಾಗೆ ಬೆಂಚಿನ ಮೇಲೆ ಕೂರಲಿಲ್ಲ. "ಇವತ್ತು ನಾನೂ ಒಳಗೇ ಕೂತು ನೋಡ್ತೀನಿ" ಎಂದು ಸುತ್ತು ಹಾಕಿ ಬಂದು ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಅಂದರೆ ಮೇಸ್ತ್ರಿಯ ಎಡಗಡೆ. ಜಾಗ ಬದಲಿಸಿ ಎನ್ನಲು ಅವರದೇ ಕಾರು.

ಮೇಸ್ತ್ರಿ ಹಾಡು ಹಾಕಿದ. ಕಣ್ಣು ಮುಚ್ಚಿದ. ತಲೆದೂಗುವ ನಾಟಕ ಮಾಡಿದ. ಎರಡು ಹಾಡು ಮುಗಿದವು. ಕಣ್ಣು ತೆರೆದು ಎಡಕ್ಕೆ ತಿರುಗಿದರೆ ನರ್ಸಮ್ಮ ಹಾಡು ಕೇಳುತ್ತಿರಲಿಲ್ಲ. ಅವನನ್ನೇ ನೋಡುತ್ತಿದ್ದರು. ಕೈ ಚಾಚಿ ಹಾಡು ನಿಲ್ಲಿಸಿದರು.

"ನಿಮಗೆ ನಾನು ಏನು ಹೇಳಿದೆ ಮೇಸ್ತ್ರಿ?"

"ಹೂಂ ಮೇಡಂ, ಅದೇ, ಹಾಡು..."

"ನಿಮ್ಮ ಅಂಗಿಗೆ ಬೆಂಕಿ ಹತ್ತಿದೆ ಅಂದೆ. ಹಾಡು ಮುಗಿದು ಇನ್ನೊಂದು ಶುರುವಾಗೋ ಮಧ್ಯೆ ಮೆಲ್ಲಗೆ ಅಂದೆ. ಎರಡು ಸಲ."

ಮೇಸ್ತ್ರಿ ಗಾಬರಿಯಿಂದ ಅಂಗಿ ಮುಟ್ಟಿ ನೋಡಿಕೊಂಡ. ನರ್ಸಮ್ಮ ನಗಲಿಲ್ಲ. ಮುಂದಕ್ಕೆ ಬಾಗಿ ಅವನ ಎಡಗಿವಿಯ ಹತ್ತಿರ ಬೆರಳುಗಳನ್ನು ಉಜ್ಜಿದರು. ಆಮೇಲೆ ಬಲಗಿವಿಯ ಹತ್ತಿರ ಉಜ್ಜಿದರು. ಅವನ ಕಣ್ಣು ಯಾವಾಗ ಅಲುಗಿತು ಎಂದು ನೋಡಿದರು.

"ಮಾಲೀಕರಿಗೆ ಹೇಳಬೇಡಿ" ಎಂದ ಮೇಸ್ತ್ರಿ. ಅಂಗಡಿಗೆ ತಾನೂ ಮಾಲೀಕನೇ ಎಂಬುದು ಆ ಗಳಿಗೆಯಲ್ಲಿ ಅವನಿಗೆ ಮರೆತಿತ್ತು. "ಕಾಲು ಹಿಡ್ಕೋತೀನಿ ಮೇಡಂ. ಸಂಜೆಯೊಳಗೆ ಇದು ಸರಿಯಾಗದಿದ್ರೆ ನನ್ನ ಕೆಲಸ ಮುಗೀತು. ಎರಡೂ ಕಡೆ ಬೇರೆ ಬೇರೆ ಕೇಳಿದ್ರೆ ಚೆನ್ನಾಗೇ ಇದೆ. ಒಟ್ಟಿಗೆ ಏನಾಗುತ್ತೆ ಅಂತ ನನಗೆ ಗೊತ್ತಾಗ್ತಿಲ್ಲ. ನನಗೆ ಒಟ್ಟಿಗೆ ಅನ್ನೋದೇ ಇಲ್ಲ ಈಗ."

ನರ್ಸಮ್ಮ, "ಸರಿ, ನನಗೆ ಎರಡು ಇವೆಯಲ್ಲ. ಏನು ಕೇಳಬೇಕು ಹೇಳಿ" ಎಂದರು.

ಈ ಮಾತಿಗೆ ಮೇಸ್ತ್ರಿಯ ತಲೆ ಒಮ್ಮೆಲೇ ತಿಳಿಯಾಯಿತು. ಎರಡು ತಿಂಗಳಿಂದ ನಾಟಕಕ್ಕೆ ಖರ್ಚಾಗುತ್ತಿದ್ದ ಬುದ್ಧಿ ಕೆಲಸಕ್ಕೆ ವಾಪಸ್ ಬಂತು. ಅವರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ತಾನು ಅವರ ಎಡಕ್ಕೆ ಕೂತ. "ನಾನು ಬ್ಯಾಲೆನ್ಸ್ ತಿರುಗಿಸ್ತೀನಿ. ಹಾಡೋರು ಯಾವಾಗ ಬರ್ತಾರೆ, ಯಾವಾಗ ಹೋಗ್ತಾರೆ, ಅಷ್ಟು ಹೇಳಿ."

ನಿಧಾನವಾಗಿ ಬಲದಿಂದ ಎಡಕ್ಕೆ ತಿರುಗಿಸುತ್ತಾ ಬಂದ. "ಇದ್ದಾರೆ... ಇದ್ದಾರೆ... ಇನ್ನೂ ಇದ್ದಾರೆ... ಸಣ್ಣಗಾದ್ರು... ಹೋದ್ರು!" ಎಂದರು ನರ್ಸಮ್ಮ. "ಇನ್ನೂ ತಿರುಗಿಸಿ... ಹಾಂ, ಬಂದ್ರು, ಈಗ ಎಡಗಡೆ ಬಂದ್ರು. ಎರಡೂ ಸಮ ಆಗ್ತಿದ್ದ ಹಾಗೆ ಮಾಯ ಆಗ್ತಾರೆ ಮೇಸ್ತ್ರಿ. ಡ್ರಮ್ಮೂ ಅವರ ಜೊತೇಲೇ ಹೋಗುತ್ತೆ."

ಮೇಸ್ತ್ರಿ ಹಣೆ ಚಚ್ಚಿಕೊಂಡ. ಕೆಲಸ ಕಲಿಯಲು ಸೇರಿದ ಮೊದಲ ತಿಂಗಳಲ್ಲೇ ಕಲಿತ ಪಾಠ. ಒಂದು ಸ್ಪೀಕರ್ ಗಾಳಿಯನ್ನು ಮುಂದಕ್ಕೆ ನೂಕುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿದೆ. ಒಂದೊಂದನ್ನೇ ಕೇಳಿದರೆ ಎರಡೂ ಸರಿ. ಎರಡರಲ್ಲೂ ಒಂದೇ ಥರ ಬರುವ ದನಿ ಮಾತ್ರ, ಅಂದರೆ ಹಾಡುವವರ ದನಿ, ದೊಡ್ಡ ಡ್ರಮ್ಮು, ಒಂದನ್ನೊಂದು ತಿಂದುಹಾಕುತ್ತದೆ. ಕೊಳಲು ಒಂದು ಕಡೆ, ಪಿಟೀಲು ಒಂದು ಕಡೆ ಇರುವುದರಿಂದ ಅವು ಬದುಕಿಕೊಳ್ಳುತ್ತವೆ.

ಇಳಿದು ಅಂಗಡಿಯೊಳಗೆ ಹೋಗಿ ಗೋಡೆ ಗಡಿಯಾರ ಇಳಿಸಿ ಅದರ ಸೆಲ್ ಕಿತ್ತುಕೊಂಡ. ತಮ್ಮ ಬಾಯಿ ಬಿಟ್ಟುಕೊಂಡು ನೋಡಿದ. ಸೆಲ್ಲು ಕಿವಿ ಇಲ್ಲದವರಿಗೆ ಎನ್ನುತ್ತಿದ್ದ ಅಣ್ಣ ಸೆಲ್ ಹಿಡಿದು ಓಡುತ್ತಿದ್ದ. ಎರಡೂ ಬಾಗಿಲಿನ ಪ್ಯಾಡ್ ಬಿಚ್ಚಿ, ಡೆಕ್ಕಿನ ಹಿಂದಿನ ತಂತಿಗೆ ಸೆಲ್ ಮುಟ್ಟಿಸಿದ. ಬಲಗಡೆಯ ಬಟ್ಟಲು ಟಪ್ಪೆಂದು ಮುಂದೆ ಹಾರಿತು. ಎಡಗಡೆಯದು ಹಿಂದಕ್ಕೆ ಸರಿಯಿತು. ಬೆರಳ ತುದಿಗೆ ಅದು ಸ್ಪಷ್ಟವಾಗಿ ತಿಳಿಯಿತು, ಕಣ್ಣಿಗೂ ಕಂಡಿತು. ಕಿವಿಯ ಅಗತ್ಯವೇ ಬೀಳಲಿಲ್ಲ.

ಆಮೇಲೆ ಕಾರಣವನ್ನೂ ಹುಡುಕಿದ. ಎಡಬಾಗಿಲು ತೆರೆದು ಮುಚ್ಚುವಾಗ ತಂತಿ ಮಡಿಚಿಕೊಳ್ಳುವ ಜಾಗದಲ್ಲಿ ಯಾವುದೋ ಕಾಲದಲ್ಲಿ ಅದು ತುಂಡಾಗಿ, ಯಾರೋ ಗಡಿಬಿಡಿಯಲ್ಲಿ ಜೋಡಿಸಿ ಟೇಪ್ ಸುತ್ತಿದ್ದರು. ಕೆಂಪಿಗೆ ಕಪ್ಪು, ಕಪ್ಪಿಗೆ ಕೆಂಪು. ಹಳೆಯ ಸ್ಪೀಕರ್ ಹಾಕಿದವರು ಅಲ್ಲೂ ತಿರುಗಿಸಿ ಸಿಕ್ಕಿಸಿ ಸರಿಹೊಂದಿಸಿದ್ದರು. ಮೇಸ್ತ್ರಿ ಬಣ್ಣ ನಂಬಿ ನೇರ ಸಿಕ್ಕಿಸಿದ್ದ. ಎರಡು ಕಿವಿಯ ಮೇಸ್ತ್ರಿಯಾಗಿದ್ದರೆ ಅವತ್ತೇ, ಮೊದಲ ಸಾಲು ಮುಗಿಯುವ ಮೊದಲೇ ಹಿಡಿಯುತ್ತಿದ್ದ. ಈಗ ಎರಡು ತಂತಿ ಅದಲುಬದಲು ಮಾಡಲು ಒಂದು ನಿಮಿಷ ಬೇಕಾಯಿತು.

ಹಾಡು ಹಾಕಿದ. ನರ್ಸಮ್ಮ ಕಣ್ಣು ಮುಚ್ಚಿದರು. ಅವರ ಭುಜ ಎರಡು ಬೆರಳಷ್ಟು ಕೆಳಗಿಳಿಯಿತು. ಇಪ್ಪತ್ತೆಂಟು ವರ್ಷದಲ್ಲಿ ಎಷ್ಟೋ ಜನರ ಭುಜ ಹಾಗೆ ಇಳಿದದ್ದನ್ನು ಅವನು ನೋಡಿದ್ದ. "ಬಂದ್ರು ಮೇಸ್ತ್ರಿ, ಎದುರಿಗೇ ಬಂದು ನಿಂತ್ರು" ಅಂದರು. ಮೇಸ್ತ್ರಿಯೂ ಆಸೆಯಿಂದ ಕೇಳಿದ. ಅವನಿಗೆ ಬೆಳಗ್ಗೆ ಹೇಗಿತ್ತೋ ಈಗಲೂ ಹೆಚ್ಚುಕಡಿಮೆ ಹಾಗೇ ಇತ್ತು.

ಹಾಡು ಮುಗಿದ ಮೇಲೆ ನರ್ಸಮ್ಮ ಕೇಳಿದರು. "ಎಷ್ಟು ದಿನ ಆಯ್ತು ಹೀಗಾಗಿ?"

"ಎರಡು ತಿಂಗಳ ಮೇಲಾಯ್ತು. ಒಂದು ಸೋಮವಾರ ಬೆಳಗ್ಗೆ ಇದ್ದಕ್ಕಿದ್ದ ಹಾಗೆ."

"ಇದ್ದಕ್ಕಿದ್ದ ಹಾಗೆ? ಡಾಕ್ಟರಿಗೆ ತೋರಿಸಿದ್ರಾ?"

"ಇಲ್ಲ. ತಾನೇ ಸರಿಹೋಗುತ್ತೆ ಅಂತ..."

ನರ್ಸಮ್ಮ ಕೈಯಲ್ಲಿದ್ದ ಕೀಲಿಕೈಯನ್ನು ನೋಡುತ್ತಾ ಕೂತರು. ಕಿವಿ, ಮೂಗು, ಗಂಟಲಿನ ವಿಭಾಗದಲ್ಲಿ ಎರಡು ವರ್ಷ ಕೆಲಸ ಮಾಡಿದವರು. ಸುಳ್ಳು ಸಮಾಧಾನ ಹೇಳುವುದೋ ನಿಜ ಹೇಳುವುದೋ ಎಂದು ಯೋಚಿಸಿದ್ದು ಮುಖದಲ್ಲೇ ಕಾಣುತ್ತಿತ್ತು. ಬಲಗಿವಿಗೆ ಸರಿಯಾಗಿ ಕೇಳುವ ಹಾಗೆ, ನಿಧಾನವಾಗಿ ಹೇಳಿದರು. "ಹೀಗೆ ದಿಢೀರ್ ಅಂತ ಹೋದ ಕಿವಿಗೆ ಔಷಧಿ ಇದೆ ಮೇಸ್ತ್ರಿ. ಎಲ್ಲರಿಗೂ ಅಲ್ಲ, ಆದ್ರೆ ಸುಮಾರು ಜನಕ್ಕೆ ವಾಪಸ್ ಬರುತ್ತೆ. ಮೊದಲ ವಾರ, ಬಹಳ ಅಂದ್ರೆ ಎರಡು ವಾರದೊಳಗೆ ಶುರು ಮಾಡಬೇಕು. ಈಗಲೂ ಬನ್ನಿ, ತೋರಿಸೋಣ. ಆದ್ರೆ ನಾನು ಆಸೆ ಹುಟ್ಟಿಸಲ್ಲ."

ಮೇಸ್ತ್ರಿ ಹೂಂ ಅಂದ. ಈ ಸಲ ಪೂರ್ತಿ ಕೇಳಿಸಿಯೇ ಅಂದ.

ಕಾರು ಹೋದ ಮೇಲೆ ತಮ್ಮ ಹತ್ತಿರ ಬಂದ. ಅವನು ಏನಾದರೂ ಕೇಳುವ ಮೊದಲೇ ಮೇಸ್ತ್ರಿ ಹೇಳಿಬಿಟ್ಟ. "ನನ್ನ ಎಡಗಿವಿ ಸತ್ತಿದೆ ಕಣೋ. ಕೆಲಸ ಹೋಗುತ್ತೆ ಅಂತ ಮುಚ್ಚಿಟ್ಟಿದ್ದೆ."

ತಮ್ಮ ಬೈಯುತ್ತಾನೆ ಎಂದುಕೊಂಡಿದ್ದ. ಬೈದಿದ್ದರೆ ಸುಲಭವಾಗುತ್ತಿತ್ತು. ಅವನು ಗಡಿಯಾರಕ್ಕೆ ಸೆಲ್ ವಾಪಸ್ ಹಾಕಿ, ಗೋಡೆಗೆ ನೇತುಹಾಕಿ, ಮುಳ್ಳು ಸರಿಮಾಡದೆಯೇ ಅದನ್ನೇ ನೋಡುತ್ತಾ ನಿಂತ. ಮೂಗು ಒರೆಸಿಕೊಂಡ. "ಫಿಟ್ಟರ್ ಮಾತು ಸೋಮವಾರ ನೋಡೋಣ. ನೀನು ಮೊದಲು ಮನೆಗೆ ಹೋಗು. ಅತ್ತಿಗೆಗೆ ಹೇಳು. ಅತ್ತಿಗೆಗಾದ್ರೂ ಹೇಳಿದೀಯೋ ಇಲ್ವೋ?"

ಹೇಳಿರಲಿಲ್ಲ. ಅವನ ಹೆಂಡತಿ ಎರಡು ರಸ್ತೆ ಆಚೆಯ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮಾಡುತ್ತಿದ್ದಳು. ಸಂಜೆ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮನೆಗೆ ಹೋಗುವುದು ಮದುವೆಯಾದಾಗಿನಿಂದ ನಡೆದು ಬಂದ ರೂಢಿ. ಮೊದಲೆಲ್ಲ ದಾರಿಯುದ್ದಕ್ಕೂ ಮಾತಾಡುತ್ತಿದ್ದವಳು ಈಚೆಗೆ ಮನೆಯಲ್ಲಿಯೂ ಬೇಕಾದಷ್ಟೇ ಆಡುತ್ತಿದ್ದಳು. ಅವಳು ಸುಮ್ಮನಿದ್ದಷ್ಟೂ ತನ್ನ ಗುಟ್ಟು ಉಳಿಯುತ್ತದೆ ಎಂದು ಮೇಸ್ತ್ರಿ ಒಳಗೊಳಗೇ ನೆಮ್ಮದಿ ಪಟ್ಟಿದ್ದ.

ಅವತ್ತು ಅರ್ಧ ಗಂಟೆ ಮೊದಲೇ ಲಾಂಡ್ರಿಯ ಗೇಟಿನ ಮುಂದೆ ನಿಂತ. ಅವಳು ಹೊರಬಂದು ಹಿಂದಿನ ಸೀಟಿಗೆ ಕೈ ಇಟ್ಟಾಗ, "ಹತ್ತಬೇಡ, ಇಲ್ಲಿ ಎದುರಿಗೆ ಬಾ" ಅಂದ. ಹೇಳಿದ. ಕಿವಿ ಹೋದ ಸೋಮವಾರದಿಂದ ಹಿಡಿದು ನರ್ಸಮ್ಮನವರೆಗೆ ಎಲ್ಲ ಹೇಳಿದ. ಎರಡು ವಾರದ ಮಾತನ್ನೂ ಹೇಳಿದ.

ಅವಳು ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡಳು.

"ಹಾಗಾದ್ರೆ ಅವತ್ತು ನಾನು ಹೇಳಿದ್ದು ನಿಮಗೆ ಕೇಳಿಸಲೇ ಇಲ್ವಾ?"

"ಯಾವತ್ತು?"

"ಅದೇ ವಾರ, ಬುಧವಾರ. ಎಡಗಡೆ ಹಿಂದಿನಿಂದ ಬಂದ ಲಾರಿ ಅಷ್ಟು ಹಾರ್ನ್ ಹೊಡೆದ್ರೂ ನೀವು ಪಕ್ಕಕ್ಕೆ ಸರೀಲಿಲ್ಲ. ಮನೇಲೂ ಎರಡು ದಿನದಿಂದ ನೋಡ್ತಿದ್ದೆ. ಸ್ಕೂಟರ್ ಮೇಲೇ ಹೇಳಿದೆ ನಾನು. ನಿಮ್ಮ ಎಡಗಿವಿಗೆ ಏನೋ ಆಗಿದೆ, ನಾಳೆ ಡಾಕ್ಟರ ಹತ್ರ ಹೋಗೋಣ, ನಾನು ರಜ ಹಾಕ್ತೀನಿ ಅಂತ. ನೀವು ಮಾತೇ ಆಡಲಿಲ್ಲ."

ಅವಳು ಯಾವಾಗಲೂ ಒಂದೇ ಬದಿಗೆ ಕಾಲು ಇಳಿಬಿಟ್ಟು, ಎಡಕ್ಕೆ ಮುಖ ಮಾಡಿ ಕೂರುತ್ತಿದ್ದಳು. ಅವನ ಎಡ ಭುಜದ ಮೇಲೆ ಕೈ ಇಟ್ಟು, ಆ ಭುಜದ ಮೇಲಿಂದಲೇ ಮಾತಾಡುತ್ತಿದ್ದಳು.

"ಮತ್ತೆ ಯಾಕೆ ಹೇಳಲಿಲ್ಲ?" ಅಂದ ಮೇಸ್ತ್ರಿ. ಅದನ್ನು ಕೇಳುವ ಹಕ್ಕು ತನಗಿಲ್ಲ ಎಂದು ಕೇಳುವಾಗಲೇ ಗೊತ್ತಿತ್ತು.

"ನಿಮ್ಮ ಕಿವಿ ಬಗ್ಗೆ ಮಾತಾಡಿದ್ದಕ್ಕೆ ಸಿಟ್ಟು ಬಂತು ಅಂದ್ಕೊಂಡೆ. ರಜ ಹಾಕಿಯೂ ಹಾಕಿದ್ದೆ. ಬೆಳಗ್ಗೆ ಹೊರಟು ಕೂತಿದ್ದೆ. ನೀವು ನನ್ನ ನೋಡಿಕೊಂಡೇ ಕೆಲಸಕ್ಕೆ ಹೋದ್ರಿ. ಆಮೇಲೆ ನನಗೂ ಹೇಳೋಕೆ ಮನಸ್ಸು ಬರಲಿಲ್ಲ."

ಆ ಗುರುವಾರ ಮೇಸ್ತ್ರಿಗೆ ನೆನಪಿತ್ತು. ಅವಳು ಹೊರಗೆ ಹೋಗುವ ಬಟ್ಟೆ ಉಟ್ಟು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎಲ್ಲಿಗೆ ಎಂದು ಕೇಳಿದರೆ ಅವಳು ಏನಾದರೂ ಹೇಳುತ್ತಾಳೆ, ಹೇಳಿದ್ದು ತನಗೆ ಕೇಳಿಸದೆ ಹೋದೀತು ಎಂದು ಹೆದರಿ, ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟಿದ್ದ.